ಎಸೆದ ತಟ್ಟೆಯ ಲೆಕ್ಕ ಮುಗಿಯುವುದೆಲ್ಲಿ?

ಪಾಪಗಳಲ್ಲಿ ಎರಡು ಬಗೆಯಿವೆಯೆಂದು ನಮ್ಮ ವಿದ್ವಾಂಸರು ವಿವರಿಸಿದ್ದಾರೆ. ಒಂದು ಅಲ್ಲಾಹನ ಹಕ್ಕಿಗೆ ಸಂಬಂಧಿಸಿದ್ದು, ಇನ್ನೊಂದು ಅವನ ದಾಸರ ಹಕ್ಕಿಗೆ ಸಂಬಂಧಿಸಿದ್ದು. ಮೊದಲನೆಯದರಲ್ಲಿ ಲೋಪವಾದರೆ ಮನುಷ್ಯನು ಪಶ್ಚಾತ್ತಾಪಪಟ್ಟು ತನ್ನ ಪ್ರಭುವಿನ ಮುಂದೆ ಕೈ ಚಾಚಬಹುದು. ಅವನು ಅಪಾರ ಕ್ಷಮಾಶೀಲನು. ಎರಡನೆಯದರಲ್ಲಿ ಮತ್ತೊಂದು ಷರತ್ತಿದೆ. ಯಾರಿಗೆ ಅನ್ಯಾಯವಾಗಿದೆಯೋ ಅವರ ಹಕ್ಕನ್ನು ಮರಳಿಸಬೇಕು, ಇಲ್ಲವೇ ಅವರಿಂದ ಕ್ಷಮೆ ಪಡೆಯಬೇಕು.

ಇದನ್ನು ನೀವು ಅನೇಕ ಬಾರಿ ಕೇಳಿದ್ದೀರಿ. ಕೇಳಿದಾಗಲೆಲ್ಲ ಸಾಲ ಮರಳಿಸದವನು, ನೆರೆಯವನ ಗಡಿ ಒತ್ತಿದವನು, ಪರನಿಂದೆ ಮಾಡುವವನು ನಿಮ್ಮ ಕಣ್ಣ ಮುಂದೆ ಬರುತ್ತಾರೆ. ಆದರೆ ಊಟ ಮುಗಿಸಿ ಎಸೆದ ಪ್ಲಾಸ್ಟಿಕ್ ತಟ್ಟೆಯೂ ಈ ಸಾಲಿಗೆ ಸೇರಬಹುದೆಂದು ನಾವೆಂದಾದರೂ ಯೋಚಿಸಿದ್ದೇವೆಯೇ?

ನಮ್ಮ ನಿಕಾಹ್ ಮತ್ತು ವಲೀಮಾಗಳನ್ನು ನೋಡಿ. ಮೇಜಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಲಾಗುತ್ತದೆ. ಪ್ರತಿಯೊಬ್ಬರ ಮುಂದೆಯೂ ಸಣ್ಣ ನೀರಿನ ಬಾಟಲಿ, ಲೋಟ, ಚಮಚ. ಒಂದು ಪಂಕ್ತಿ ಎದ್ದೊಡನೆ ಅನ್ನ, ಮೂಳೆ, ಬಾಟಲಿ, ಲೋಟಗಳೆಲ್ಲವನ್ನೂ ಅದೇ ಹಾಳೆಯಲ್ಲಿ ಸುತ್ತಿ ಹೊರಗೆ ಹಾಕಲಾಗುತ್ತದೆ. ರಮಝಾನಿನಲ್ಲಿ ಮಸೀದಿಯ ಅಂಗಳದ ಇಫ್ತಾರ್‌ಗಳಲ್ಲೂ ಇದೇ ನಡೆಯುತ್ತದೆ. ಕರ್ನಾಟಕ ಸರಕಾರವು 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಮಾತ್ರವಲ್ಲ, ಊಟದ ಮೇಜಿಗೆ ಹಾಸುವ ಈ ಹಾಳೆಯನ್ನೂ ನಿಷೇಧಿಸಿದೆ. 2022ರ ಜುಲೈ 1ರಿಂದ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧವಿದೆ. ಆದರೂ ಅವು ಸಿಗುತ್ತವೆ, ನಾವು ಕೊಳ್ಳುತ್ತೇವೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? 2015ರವರೆಗೆ ಜಗತ್ತು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸಿತ್ತೆಂದು 2017ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅದರಲ್ಲಿ ಕಸವಾಗಿ ಹೊರಬಿದ್ದದ್ದು ಸುಮಾರು 630 ಕೋಟಿ ಟನ್. ಅದರ ಶೇಕಡಾ 9 ಭಾಗ ಮಾತ್ರ ಮರುಬಳಕೆಯಾಗಿತ್ತು, 12 ಭಾಗವನ್ನು ಸುಡಲಾಗಿತ್ತು. ಉಳಿದ 79 ಭಾಗ ಕಸದ ಗುಡ್ಡೆಗಳಲ್ಲಿ, ನೆಲದಲ್ಲಿ, ನೀರಿನಲ್ಲಿ ಹಾಗೆಯೇ ಬಿದ್ದಿತ್ತು. ನಮ್ಮ ಕಣ್ಣಿಗೆ ಮರೆಯಾದದ್ದು ಭೂಮಿಯಿಂದ ಮರೆಯಾಗಿಲ್ಲ.

ಅದು ಚರಂಡಿಯನ್ನು ಕಟ್ಟುತ್ತದೆ. ಮಳೆ ಬಂದಾಗ ಆ ಕೊಳಕು ನೀರು ತಗ್ಗಿನಲ್ಲಿರುವ ಬಡವನ ಮನೆಗೆ ನುಗ್ಗುತ್ತದೆ. ಅನ್ನದ ವಾಸನೆಗೆ ಬಂದ ಹಸು ಚೀಲ ಸಹಿತ ನುಂಗುತ್ತದೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲೇ ಗಂಟಾಗಿ ಕೂರುತ್ತದೆ. ಆ ಮೂಕ ಪ್ರಾಣಿ ಹೊಟ್ಟೆ ತುಂಬಿದಂತಿದ್ದೂ ಹಸಿವಿನಿಂದ ಸೊರಗುತ್ತದೆ. ರಾಶಿಗೆ ಬೆಂಕಿಯಿಟ್ಟರೆ ವಿಷದ ಹೊಗೆ ನೆರೆಮನೆಯ ಮಗುವಿನ ಎದೆ ಸೇರುತ್ತದೆ. ಬೆಕ್ಕನ್ನು ಕಟ್ಟಿಹಾಕಿ ಆಹಾರ ಕೊಡದೆ ಸಾಯಿಸಿದ ಸ್ತ್ರೀ ನರಕಕ್ಕೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ್ದಾರೆ. ದಾರಿಯಿಂದ ತೊಡಕನ್ನು ಸರಿಸುವುದನ್ನು ಅವರು ಈಮಾನಿನ ಶಾಖೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ಹಾಗಾದರೆ ದಾರಿಗೆ ತೊಡಕನ್ನು ತಂದು ಸುರಿಯುವುದನ್ನು ನಾವು ಏನೆಂದು ಎಣಿಸೋಣ?

ಈಗ ಮೊದಲಿನ ಮಾತಿಗೆ ಬನ್ನಿ. ಸಾಲ ಕೊಟ್ಟವನ ಮನೆ ನಮಗೆ ಗೊತ್ತು. ನಿಂದೆಗೊಳಗಾದವನ ಹೆಸರು ಗೊತ್ತು. ಅವರ ಬಳಿ ಹೋಗಿ ಕ್ಷಮೆ ಕೇಳಲು ದಾರಿಯಿದೆ. ಆದರೆ ನೀರು ನುಗ್ಗಿದ ಮನೆಯವರು ಯಾರು? ಸತ್ತ ಹಸು ಯಾವ ರೈತನದು? ನೂರು ವರ್ಷಗಳ ಬಳಿಕ ಅದೇ ನೆಲವನ್ನು ಅಗೆಯುವ, ಇನ್ನೂ ಹುಟ್ಟದ ಮಕ್ಕಳ ವಿಳಾಸವೇನು? ಯಾರ ಬಾಗಿಲು ತಟ್ಟೋಣ? ಈ ಅನ್ಯಾಯದ ಅತ್ಯಂತ ಭಯಾನಕ ಮುಖ ಇದುವೇ. ಹಕ್ಕುದಾರರನ್ನು ಇಲ್ಲಿ ಹುಡುಕಿದರೂ ಸಿಗುವುದಿಲ್ಲ, ಅಲ್ಲಿ ಅವರನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ, ಪೀಡಿತರಿಗೆ ಅದನ್ನೆಲ್ಲ ಹಂಚಿ ಬರಿಗೈಯಾಗುವ ದಿವಾಳಿಗಾರನ ಕುರಿತು ಪ್ರವಾದಿ(ಸ) ನಮ್ಮನ್ನು ಎಚ್ಚರಿಸಿಲ್ಲವೇ? ಕ್ಷಮೆ ಕೇಳಲು ಸಾಧ್ಯವೇ ಇಲ್ಲದ ತಪ್ಪಿನಿಂದ ಪಾರಾಗಲು ಒಂದೇ ದಾರಿ: ಅದನ್ನು ಮಾಡದಿರುವುದು.

“ನನ್ನೊಬ್ಬನ ತಟ್ಟೆಯಿಂದ ಏನಾಗುತ್ತದೆ?” ಎಂದು ಕೆಲವರು ಕೇಳಬಹುದು. ಅಣುವಿನಷ್ಟು ಒಳಿತೂ ಅಣುವಿನಷ್ಟು ಕೆಡುಕೂ ಎದುರಿಗೆ ಬರುವುದೆಂದು ನಂಬುವವನ ಬಾಯಲ್ಲಿ ಈ ಪ್ರಶ್ನೆ ಶೋಭಿಸುವುದಿಲ್ಲ. “ಇದು ಸರಕಾರದ, ಕಾರ್ಖಾನೆಯ ಜವಾಬ್ದಾರಿಯಲ್ಲವೇ?” ಎಂಬ ಪ್ರಶ್ನೆಯಲ್ಲಿ ಸತ್ಯವಿದೆ. ಆದರೆ ಅವರ ಲೆಕ್ಕ ಅವರದು, ನಮ್ಮ ಲೆಕ್ಕ ನಮ್ಮದು.

ಬದಲಿ ಮಾರ್ಗ ನಮ್ಮ ನಾಡಿಗೆ ಹೊಸದಲ್ಲ. ಬಯಲುಸೀಮೆಯಲ್ಲಿ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೊಲಿದು ಊಟಕ್ಕೆ ಹಾಕುತ್ತಿದ್ದರು. ಕರಾವಳಿ ಮಲೆನಾಡುಗಳಲ್ಲಿ ಬಾಳೆಲೆಯಿದೆ. ಅಡಿಕೆ ಮರ ತಾನಾಗಿ ಉದುರಿಸುವ ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ಅಂಟು ಬೇಡ, ಬಣ್ಣ ಬೇಡ. ಮಣ್ಣಿಗೆ ಬಿದ್ದರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತದೆ.

ಆದರೆ ಇಲ್ಲಿಯೂ ಎಚ್ಚರ ಬೇಕು. ಕಾಗದದ ಲೋಟವೆಂದು ನಾವು ನೆಮ್ಮದಿಯಿಂದ ಕೊಳ್ಳುವುದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರವಿರುತ್ತದೆ. ಅದರಲ್ಲಿ 100 ಮಿಲಿಲೀಟರ್ ಬಿಸಿ ನೀರನ್ನು 15 ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು 2020ರಲ್ಲಿ ಖರಗ್‌ಪುರದ ಐ.ಐ.ಟಿ. ಸಂಶೋಧಕರು ಕಂಡುಕೊಂಡರು. ಅಡಿಕೆ ಹಾಳೆಯ ತಟ್ಟೆಯೂ ಪ್ರಶ್ನಾತೀತವಲ್ಲ. ಅಡಿಕೆಯಲ್ಲಿರುವ ಹಾನಿಕರ ಅಂಶಗಳು ಅದರಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಅದರ ಆಮದಿಗೆ ತಡೆಯೊಡ್ಡಿತು. ಆದ್ದರಿಂದ ಒಂದು ಎಸೆಯುವ ವಸ್ತುವಿನ ಬದಲು ಇನ್ನೊಂದನ್ನು ತಂದು ಎಸೆದೊಡನೆ ನಮ್ಮ ಹೊಣೆ ತೀರುವುದಿಲ್ಲ. ಎಸೆಯುವ ಅಭ್ಯಾಸವನ್ನೇ ತಗ್ಗಿಸಬೇಕು. ತೊಳೆದು ಮತ್ತೆ ಬಳಸುವ ತಟ್ಟೆಗೆ ಮೊದಲ ಸ್ಥಾನ, ಬಾಳೆಲೆ ಮತ್ತು ಮುತ್ತುಗದೆಲೆಗೆ ನಂತರದ ಸ್ಥಾನ ಇರಲಿ. ಒಂದೇ ಹರಿವಾಣದ ಸುತ್ತ ಕುಳಿತು ಉಣ್ಣುವ ಸುಂದರ ಪದ್ಧತಿಯೂ ನಮ್ಮಲ್ಲಿದೆ. ಅದರಲ್ಲಿ ಬರಕತ್ತೂ ಇದೆ, ಕಸವೂ ಇಲ್ಲ.

ಸಹೋದರ ಸಹೋದರಿಯರೇ, ಪ್ರತಿಯೊಂದು ಮಹಲ್ಲಾದ ಜಮಾಅತ್ ಐನೂರು ಸ್ಟೀಲ್ ತಟ್ಟೆ ಮತ್ತು ಲೋಟಗಳನ್ನು ಕೊಂಡು ಮಸೀದಿಯಲ್ಲಿರಿಸಿ, ನಿಕಾಹ್ ಮತ್ತು ಇಫ್ತಾರ್‌ಗಳಿಗೆ ಕೊಡುವಂತಾಗಬಾರದೇಕೆ? ಅದನ್ನು ತೊಳೆಯುವ ಕೆಲಸ ಒಂದಿಬ್ಬರು ಬಡ ಮಹಿಳೆಯರ ಬೆನ್ನಿಗೆ ಬೀಳದಿರಲಿ. ಅವರಿಗೆ ನ್ಯಾಯವಾದ ಕೂಲಿ ಸಿಗಲಿ, ಯುವಕರೂ ತೋಳೇರಿಸಲಿ. ಮನೆಯಿಂದ ಹೊರಡುವಾಗ ಒಂದು ಬಟ್ಟೆ ಚೀಲ ಕೈಯಲ್ಲಿರಲಿ. ಮಗಳ ಮದುವೆಯ ಖರ್ಚಿನ ಪಟ್ಟಿ ಬರೆಯಲು ಕುಳಿತಾಗ ತಟ್ಟೆ ಲೋಟಗಳ ಸಾಲಿನ ಮುಂದೆ ಒಂದು ಕ್ಷಣ ಲೇಖನಿಯನ್ನು ನಿಲ್ಲಿಸಿ. ಹೊಸ ಬಾಳಿಗೆ ನೀವು ಬೇಡುವ ಬರಕತ್ತಿನ ಜೊತೆಗೆ ಯಾರದಾದರೂ ಶಾಪವೂ ಸೇರಿಕೊಳ್ಳುತ್ತಿದೆಯೇ ಎಂದು ಕೇಳಿಕೊಳ್ಳಿ. ಉತ್ತರವನ್ನು ಬೇರೆ ಯಾರಿಗೂ ಹೇಳಬೇಕಾಗಿಲ್ಲ. ಅದನ್ನು ಕೇಳುವವನು ನಿಮ್ಮ ಕಂಠನಾಳಕ್ಕಿಂತಲೂ ಸಮೀಪದಲ್ಲಿದ್ದಾನೆ.