ಬಿಡೋದು ಬೇರೆ, ಕೊಡೋದು ಬೇರೆ

ಹೋದ ವರ್ಷ ಆಫೀಸಲ್ಲಿ ನನಗೆ ‘ದೊಡ್ಡ ಮನಸ್ಸಿನವನು’ ಅನ್ನೋ ಹೆಸರು ಬಂತು. ಎಂಟು ತಿಂಗಳು ನಾನು ನಡೆಸಿದ್ದ ಪ್ರಾಜೆಕ್ಟನ್ನು, ಬೇರೆ ಟೀಮಿನಲ್ಲಿ ಎಡವಿ ಬಂದಿದ್ದ ಸೀನಿಯರ್ ಒಬ್ಬರಿಗೆ ಬಿಟ್ಟುಕೊಟ್ಟೆ. ನನಗೆ ಕೆಲಸ ಕಲಿಸಿದವರೇ ಅವರು. ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು. ಸಂಜೆ ಕಾಫಿ ಹೊತ್ತಿಗೆ ಟೀಮಿನ ಕಿರಿಯ ಹುಡುಗಿ ಮಾತ್ರ ಕೇಳಿದಳು: “ಸರ್, ನಮ್ಮನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

ಉತ್ತರ ಹೊಳೀಲಿಲ್ಲ.

ನಮ್ಮೂರು ಮದಕರಿಪುರ, ಅಮ್ಮನ ತವರು ಹೊಸದುರ್ಗದ ಕಡೆ. ಆ ವಾರ ಅಲ್ಲಿಗೆ ಹೋದಾಗ ಅಜ್ಜನಿಗೆ ಇದನ್ನ ಹೇಳಿದೆ. “ನಿಜಲಿಂಗಪ್ಪನವರನ್ನ ಸೋಲಿಸಿದ ಊರು ಕಣಪ್ಪ ನಮ್ಮದು,” ಅಂತ ಅಜ್ಜ ಶುರು ಮಾಡಿದ. 1962ರಲ್ಲಿ ಅವನದು ಮೊದಲ ಓಟು. ಯಾರಿಗೆ ಹಾಕಿದ್ದು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಕತೆ ಗೊತ್ತಿರೋರಿಗೆ ಗೊತ್ತು. ಏಕೀಕರಣದ ಮುಂದಾಳು, ಆಗಲೇ ಒಮ್ಮೆ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪ ತಮ್ಮದೇ ಜಿಲ್ಲೆಯ ಹೊಸದುರ್ಗದಲ್ಲಿ ಪಿಎಸ್‌ಪಿಯ ಜಿ.ಟಿ. ರಂಗಪ್ಪನವರ ಎದುರು ಸೋತರು. ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದಿತ್ತು, ನಾಯಕರೇ ಸೋತಿದ್ದರು. ಮಾರ್ಚ್ 14ಕ್ಕೆ ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಸ್ಥಾನವನ್ನು ತೆರವು ಮಾಡಿಸಲಾಯಿತು, ಉಪಚುನಾವಣೆಯಲ್ಲಿ ನಿಜಲಿಂಗಪ್ಪ ಗೆದ್ದರು, ಜೂನ್‌ನಲ್ಲಿ ಕಂಠಿ ಕುರ್ಚಿ ಬಿಟ್ಟು ಅವರದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾದರು. ಕುರ್ಚಿಗೆ ಅಂಟಿಕೊಳ್ಳೋರನ್ನೇ ನೋಡಿ ಬೆಳೆದ ನಮಗೆ ಕಂಠಿಯವರು ರಾಮಾಯಣದ ಭರತನ ಹಾಗೇ ಕಾಣ್ತಾರೆ.

ಆದರೆ ಅಜ್ಜನ ಪ್ರಶ್ನೆ ಬೇರೆ: “ಬಾಗಲಕೋಟೆಯೋರು ಒಬ್ಬರನ್ನ ಐದು ವರ್ಷಕ್ಕೆ ಅಂತ ಆರಿಸಿ ಕಳಿಸಿದ್ರು. ಆ ಸ್ಥಾನ ಬಿಟ್ಟುಕೊಡೋಕೆ ಅದೇನು ಅವರಪ್ಪನ ಮನೆ ತೋಟವೇ?”

ಸೋತ ನಾಯಕ ಇನ್ನೊಂದು ಬಾಗಿಲಿಂದ ಬರೋದು ಹೊಸದೇನಲ್ಲ. ಬ್ರಿಟನ್ನಿನಲ್ಲಿ ಪ್ರಧಾನಿಯಾಗಿದ್ದ ರಾಮ್ಸೆ ಮ್ಯಾಕ್‌ಡೊನಾಲ್ಡ್ 1935ರಲ್ಲಿ ಸೀಹ್ಯಾಮ್‌ನಲ್ಲಿ 20 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 1936ರ ಜನವರಿಯಲ್ಲೇ ಸ್ಕಾಟ್‌ಲೆಂಡಿನ ವಿಶ್ವವಿದ್ಯಾಲಯಗಳ ಕ್ಷೇತ್ರದ ಉಪಚುನಾವಣೆ ಗೆದ್ದು ವಾಪಸ್ ಬಂದರು. ಆದರೆ ಯಾವಾಗಲೂ ಹೀಗೇ ಆಗಲ್ಲ. 1964ರಲ್ಲಿ ಸೋತರೂ ವಿದೇಶಾಂಗ ಮಂತ್ರಿಯಾದ ಪ್ಯಾಟ್ರಿಕ್ ಗಾರ್ಡನ್ ವಾಕರ್‌ಗಾಗಿ ಲೇಟನ್ ಕ್ಷೇತ್ರವನ್ನು ತೆರವು ಮಾಡಿಸಿದರು. 1965ರ ಜನವರಿಯಲ್ಲಿ ಅಲ್ಲಿನ ಜನ 205 ಮತಗಳಿಂದ ಅವರನ್ನು ಸೋಲಿಸಿದರು. ಮಂತ್ರಿ ಪದವಿ ಹೋಯ್ತು.

ನನ್ನ ಪ್ರಶ್ನೆಗೆ ಉತ್ತರ ಲೇಟನ್‌ನಲ್ಲಿದೆ ಅನ್ನಿಸುತ್ತೆ. ಶಾಸಕ ತನ್ನ ಸ್ಥಾನ ಬಿಡಬಹುದು, ಇನ್ನೊಬ್ಬರಿಗೆ ಕೊಡೋಕೆ ಬರಲ್ಲ. ಬಿಡೋದು ಅವನ ಕೈಲಿದೆ, ಕೊಡೋದು ಮತದಾರರ ಕೈಲಿ. ಇವೆರಡರ ನಡುವಿನ ಜಾಗಕ್ಕೇ ಉಪಚುನಾವಣೆ ಅಂತ ಹೆಸರು. ಮುಂದಿನ ಮುಖ್ಯಮಂತ್ರಿಯೇ ಬಂದು ಮನೆ ಬಾಗಿಲಲ್ಲಿ ನಿಂತಾಗ ‘ಬೇಡ’ ಅನ್ನೋದು ಸುಲಭವಲ್ಲ, ಒಪ್ತೀನಿ. ಆದರೂ ಬಾಗಲಕೋಟೆಯ ಬಾಗಿಲಿಗೆ ಬರಲೇಬೇಕಾಯ್ತು, ಕೇಳಲೇಬೇಕಾಯ್ತು.

ನನ್ನ ತ್ಯಾಗದಲ್ಲಿ ಇಲ್ಲದೇ ಹೋಗಿದ್ದು ಇದೇ. ಆ ಏಳು ಜನ ನನ್ನ ಮೇಲಿಟ್ಟಿದ್ದ ನಂಬಿಕೆ ನನ್ನ ಹತ್ತಿರ ಇತ್ತೇ ಹೊರತು ನನ್ನದಾಗಿರಲಿಲ್ಲ. ಅದನ್ನ ಗುರುದಕ್ಷಿಣೆಯ ಹಾಗೆ ಎತ್ತಿಕೊಟ್ಟೆ. ನನ್ನ ಋಣ ತೀರಿತು, ಅವರ ಜೇಬಿಂದ.

ಸೋಮವಾರ ಆ ಹುಡುಗಿಗೆ “ಕೇಳಬೇಕಿತ್ತು, ತಪ್ಪಾಯ್ತು” ಅಂದೆ. “ಕೇಳಿದ್ರೂ ನಾನು ಹೂಂ ಅಂತಲೇ ಅಂತಿದ್ದೆ ಸರ್,” ಅಂದಳು. ಅದೇ ಇನ್ನೂ ಚುಚ್ಚುತ್ತೆ. ಹೂಂ ಅನ್ನೋ ಹಕ್ಕನ್ನೂ ನಾನು ಅವಳಿಗೆ ಬಿಟ್ಟಿರಲಿಲ್ಲ.