ಹಾಸು ಬದಲಿಸುವ ಹೊತ್ತು

*ಇಂದಿನ ಧಮ್ಮ ಚಿಂತನೆ*

ಆಷಾಢ ಹುಣ್ಣಿಮೆಗೆ ವರ್ಷಾವಾಸ ಶುರುವಾಗುತ್ತದೆ. ಅಲ್ಲಿಂದ ಆಶ್ವಿನ ಹುಣ್ಣಿಮೆಯವರೆಗೆ ಮೂರು ತಿಂಗಳು ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮ್ಮ ಜನ ವಿಹಾರದಲ್ಲೋ, ಓಣಿಯ ಸಮಾಜ ಮಂದಿರದಲ್ಲೋ, ಯಾರದೋ ಮನೆಯ ಪಡಸಾಲೆಯಲ್ಲೋ ಸಂಜೆ ಕೂಡಿ ಗ್ರಂಥ ವಾಚನ ಮಾಡುತ್ತಾರೆ. ಜನ ಕೂಡಬೇಕೆಂದರೆ ಮೊದಲು ಹಾಸು ಬೇಕು. ಮೂಲೆಯಲ್ಲಿ ಸುತ್ತಿಟ್ಟ ಜಮಖಾನಾ ಬಿಚ್ಚಿದಾಗ ಅದೇ ಪ್ರಶ್ನೆ ಬರುತ್ತದೆ: ಇದು ಇನ್ನೊಂದು ವರ್ಷ ನಡೆಯುತ್ತದೋ, ಹೊಸದು ತರಬೇಕೋ?

ಇದೇನು ದೊಡ್ಡ ವಿಷಯ ಎನ್ನಬೇಡಿ. ಭಿಕ್ಖುಗಳ 227 ನಿಯಮಗಳಲ್ಲಿ ಉಣ್ಣೆಯ ಹಾಸಿನ ಬಗ್ಗೆಯೇ ಸಾಲಾಗಿ ಐದು ನಿಯಮಗಳಿವೆ. ಅವುಗಳಲ್ಲಿ ಎರಡನ್ನು ಇಂದು ನೋಡೋಣ.

*ಆರು ವರ್ಷದ ನಿಯಮ*

ಆ ಕಾಲದಲ್ಲಿ ಕೆಲವು ಭಿಕ್ಖುಗಳು ವರ್ಷಕ್ಕೊಂದು ಹೊಸ ಹಾಸು ಮಾಡಿಸಿಕೊಳ್ಳುತ್ತಿದ್ದರು. ಅದಕ್ಕೆ ಉಣ್ಣೆ ಬೇಕು, ಉಣ್ಣೆಗಾಗಿ ಮನೆಮನೆಗೆ ಹೋಗಿ ಬೇಡಬೇಕು. ಜನ ಬೇಸತ್ತು ಗೊಣಗಿದರು. ನಮ್ಮ ಮನೆಯ ಹಾಸಿನ ಮೇಲೆ ಮಕ್ಕಳು ಗಲೀಜು ಮಾಡುತ್ತವೆ, ಇಲಿ ಕಡಿಯುತ್ತವೆ, ಆದರೂ ಐದಾರು ವರ್ಷ ಬಾಳುತ್ತದೆ. ಇವರಿಗೆ ಮಾತ್ರ ವರ್ಷಕ್ಕೊಂದು ಬೇಕೇ ಎಂದು ಕೇಳಿದರು. ಬುದ್ಧರು ಆ ಗೊಣಗಾಟವನ್ನು ತಪ್ಪೆನ್ನಲಿಲ್ಲ, ಅದನ್ನೇ ಅಳತೆಯಾಗಿ ತೆಗೆದುಕೊಂಡರು. ಹೊಸ ಹಾಸು ಮಾಡಿಸಿದರೆ ಆರು ವರ್ಷ ಬಳಸಬೇಕು ಎಂದು ನಿಯಮ ಮಾಡಿದರು. ದಾನ ಕೊಡುವ ಕೈಗೆ ಎಷ್ಟು ಕಷ್ಟ ಎಂಬುದನ್ನು ಕೂಲಿ ಮಾಡುವ ನಮ್ಮ ಜನಕ್ಕೆ ಹೇಳಿಕೊಡಬೇಕಿಲ್ಲ. ವಿಹಾರದ ಹುಂಡಿಯಲ್ಲಿ ಬಿದ್ದ ಹತ್ತು ರೂಪಾಯಿ ಯಾರದೋ ಒಂದು ಹೊತ್ತಿನ ಚಹಾ.

ಆದರೆ ಆ ನಿಯಮಕ್ಕೂ ಒಂದು ಬಾಗಿಲು ಇಟ್ಟರು. ಕೋಸಂಬಿಯಲ್ಲಿ ಒಬ್ಬ ಭಿಕ್ಖುವಿಗೆ ಕಾಯಿಲೆ. ಬಾ, ನಾವು ಆರೈಕೆ ಮಾಡುತ್ತೇವೆ ಎಂದು ಸಂಬಂಧಿಕರು ಕರೆದರು. ಹಾಸಿಲ್ಲದೆ ಅವರಿಗೆ ಇರಲಾಗದು, ಹಳೆಯದನ್ನು ಹೊತ್ತು ಹೋಗಲು ಶಕ್ತಿಯಿಲ್ಲ, ಹೊಸದು ಮಾಡಿಸಲು ನಿಯಮ ಬಿಡದು. ಆಗ ಬುದ್ಧರು, ಇಂಥವರಿಗೆ ಸಂಘ ಕೂಡಿ ಒಪ್ಪಿಗೆ ಕೊಡಲಿ ಎಂದರು. ಆಸೆಗಾಗಿ ಬದಲಿಸಬಾರದು, ದೇಹಕ್ಕೆ ತೊಂದರೆಯಾದರೆ ಬದಲಿಸಬೇಕು. ಅದನ್ನೂ ಒಬ್ಬರೇ ತೀರ್ಮಾನಿಸದೆ ಎಲ್ಲರೂ ಕೂಡಿ ಮಾತಾಡಬೇಕು. ಈ ನಿಯಮದ ಸಾರ ಇದೇ.

*ಹಳೆಯದರ ಒಂದು ತುಂಡು*

ಇನ್ನೊಂದು ನಿಯಮಕ್ಕೂ ಒಂದು ಕಾರಣವಿದೆ. ಕೆಲವು ಭಿಕ್ಖುಗಳು ಕಠಿಣ ವ್ರತದ ಉತ್ಸಾಹದಲ್ಲಿ ತಮ್ಮ ಹಾಸುಗಳನ್ನು ಅಲ್ಲಲ್ಲಿ ಬಿಸಾಡಿ ಹೋದರು. ಬಿದ್ದಿದ್ದ ಹಾಸುಗಳನ್ನು ಬುದ್ಧರು ಕಂಡರು. ಆಮೇಲೆ ಹೇಳಿದರು: ಕೂರುವ ಹೊಸ ಹಾಸು ಮಾಡುವಾಗ ಹಳೆಯದರ ಅಂಚಿನಿಂದ ಒಂದು ಗೇಣು ತುಂಡು ತೆಗೆದು ಅದರಲ್ಲಿ ಸೇರಿಸಿ. ಹೊಸದರ ಅಂದ ಕೆಡಲಿ, ಅದರ ಮೇಲಿನ ಮೋಹ ಇಳಿಯಲಿ ಎಂಬುದು ಉದ್ದೇಶ. ಹಳೆಯದು ಪೂರ್ತಿ ಕಸವಾಗಲಿಲ್ಲ ಎಂಬುದೂ ಅದರಲ್ಲಿದೆ.

ಬುದ್ಧರ ಮಹಾಪರಿನಿಬ್ಬಾಣದ ನಂತರ ಆನಂದರು ಕೋಸಂಬಿಗೆ ಬಂದಾಗ ಅರಮನೆಯ ಸ್ತ್ರೀಯರು ಅವರಿಗೆ 500 ವಸ್ತ್ರ ದಾನ ಕೊಟ್ಟರು. ಉದೇನ ರಾಜನಿಗೆ ಅನುಮಾನ ಬಂತು, ಈ ಸಮಣರು ಅರಿವೆ ಅಂಗಡಿ ಇಡುತ್ತಾರೋ ಏನೋ ಎಂದು. ಕೇಳಿಯೇ ಬಿಟ್ಟ. ಆನಂದರು ಶಾಂತವಾಗಿ ಲೆಕ್ಕ ಕೊಟ್ಟರು. ಚೀವರ ಹರಿದವರಿಗೆ ಇವನ್ನು ಹಂಚುತ್ತೇವೆ. ಹಳೆಯ ಚೀವರ ಮೇಲುಹಾಸಾಗುತ್ತದೆ. ಹಳೆಯ ಮೇಲುಹಾಸು ಹಾಸಿಗೆಯ ಗವಸಾಗುತ್ತದೆ. ಹಳೆಯ ಗವಸು ನೆಲದ ಹಾಸಾಗುತ್ತದೆ. ಹಳೆಯ ನೆಲಹಾಸು ಕಾಲೊರಸಾಗುತ್ತದೆ. ಹಳೆಯ ಕಾಲೊರಸು ಧೂಳು ಒರೆಸುವ ಅರಿವೆಯಾಗುತ್ತದೆ. ಅದೂ ಹರಿದರೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ರಾಜ ಮೆಚ್ಚಿ ಇನ್ನೂ 500 ವಸ್ತ್ರ ಕೊಟ್ಟ.

ನಮ್ಮ ಅಜ್ಜಿಯರಿಗೆ ಈ ವಿನಯ ಓದದೆಯೇ ಗೊತ್ತಿತ್ತು. ಹಳೆಯ ಸೀರೆ ಕೌದಿಯಾಗುತ್ತಿತ್ತು, ಸವೆದ ಕೌದಿ ನೆಲಕ್ಕೆ ಬರುತ್ತಿತ್ತು, ಅದರ ತುಂಡು ಒಲೆಯ ಮುಂದಿನ ಮಸಿ ಅರಿವೆಯಾಗುತ್ತಿತ್ತು. ಆದರೆ ಈಗ ಹಾಸಿನ ಕೆಳಗೆ ಹಾಕುವ ಸ್ಪಂಜು, ಪ್ಲಾಸ್ಟಿಕ್ ಚಾಪೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದಿಲ್ಲ. ಕೆಟ್ಟರೆ ನೇರ ಕಸಕ್ಕೆ. ಹಾಗಾಗಿ ಹೊಸದು ಕೊಳ್ಳುವಾಗಲೇ ತೊಳೆಯಲು, ಹೊಲಿಯಲು, ಮತ್ತೊಂದು ಕೆಲಸಕ್ಕೆ ಬಳಸಲು ಬರುವ ಹತ್ತಿಯ ಸತರಂಜಿಯನ್ನೋ ಕಂಬಳಿಯನ್ನೋ ಆರಿಸುವುದು ಧಮ್ಮಕ್ಕೆ ಹತ್ತಿರ.

*ಎತ್ತಿ ನೋಡಿ*

ಹಾಗಾದರೆ ಬದಲಿಸುವ ಹೊತ್ತು ಬಂತೆಂದು ತಿಳಿಯುವುದು ಹೇಗೆ? ಮೇಲಿನ ಬಣ್ಣ ನೋಡಿ ಹೇಳಲಾಗದು. ಮಾಸಿದ ಜಮಖಾನಾ ಇನ್ನೂ ಗಟ್ಟಿ ಇರಬಹುದು, ಹೊಳೆಯುವ ಕಾರ್ಪೆಟ್ಟಿನ ಅಡಿ ಪುಡಿಯಾಗಿರಬಹುದು. ಅಂಚು ಹಿಡಿದು ಎತ್ತಬೇಕು. ನಮ್ಮ ಕಡೆ ನೆಲ ಹೆಚ್ಚಾಗಿ ಶಹಾಬಾದ್ ಪರಸಿ. ಮಳೆಗಾಲದಲ್ಲಿ ಅದರ ಸಂದಿಗಳಿಂದ ತೇವ ಏರುತ್ತದೆ. ಮೇಲೆ ತಾಡಪತ್ರಿ, ಸ್ಪಂಜು, ಕಾರ್ಪೆಟ್ ಹಾಕಿ ತಿಂಗಳುಗಟ್ಟಲೆ ಎತ್ತದಿದ್ದರೆ ಆ ತೇವ ಅಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ಎರಡು ದಿನ ಬಿಸಿಲಿಗೆ ಹಾಕಿದರೂ ಮುಗ್ಗಲು ವಾಸನೆ ಹೋಗದಿದ್ದರೆ, ಒತ್ತಿದ ಸ್ಪಂಜು ಮತ್ತೆ ಏಳದಿದ್ದರೆ, ಎತ್ತಿದ ಜಾಗದಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ, ಸುರುಟಿದ ಅಂಚಿಗೆ ವಯಸ್ಸಾದವರ ಕಾಲು ತೊಡರುತ್ತಿದ್ದರೆ, ಅದರ ಕಾಲ ಮುಗಿದಿದೆ. ದಮ್ಮು ಇರುವವರಿಗೆ ಆ ಬೂಷ್ಟು ಉಸಿರು ಕಟ್ಟಿಸುತ್ತದೆ. ಒಬ್ಬ ತಾಯಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೊಸದು ತಂದರೆ ಏನು ಫಲ?

ಇನ್ನೊಂದು ಮಾತು. ಕೆಳಗಿನದು ಕೊಳೆತಿರುವಾಗ ಮೇಲೆ ಹೊಸದು ಹಾಸಿದರೆ ಹೊಸದೂ ಬೇಗ ಕೆಡುತ್ತದೆ. ದುಡ್ಡು ಎರಡು ಸಲ ಹೋಗುತ್ತದೆ.

*ಗೋಣಿತಟ್ಟಿನ ನೆನಪು*

ನಮ್ಮ ಜನಕ್ಕೆ ಹಾಸು ಎಂಬುದು ಬರೀ ಹಾಸಲ್ಲ. ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾವ್ ಬೇರೆ ಕೂರಬೇಕಿತ್ತು. ಕೂರಲು ಒಂದು ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಸಂಜೆ ಮನೆಗೆ ಒಯ್ದು, ಬೆಳಿಗ್ಗೆ ಮತ್ತೆ ತರಬೇಕಿತ್ತು. ಬಾಬಾಸಾಹೇಬರೇ ಇದನ್ನು ಬರೆದಿಟ್ಟಿದ್ದಾರೆ. ಆ ಗೋಣಿತಟ್ಟು ಹರಿದದ್ದರಿಂದ ಅವಮಾನವಾಗಲಿಲ್ಲ, ಬೇರೆಯಾಗಿದ್ದರಿಂದ ಆಯಿತು.

ಈಗ ನಮ್ಮ ಸಭೆಗಳನ್ನೇ ನೋಡೋಣ. ಮುಂದೆ ಅತಿಥಿಗಳಿಗೆ ಕೆಂಪು ಕಾರ್ಪೆಟ್, ಹಿಂದೆ ಹೆಣ್ಣುಮಕ್ಕಳಿಗೆ ಹರಿದ ಚಾಪೆ, ಬಾಗಿಲ ಹತ್ತಿರ ಕೂತವರಿಗೆ ಬರೀ ಪರಸಿ. ಹೀಗಿದ್ದರೆ ಆ ಗೋಣಿತಟ್ಟು ಇನ್ನೂ ನಮ್ಮ ವಿಹಾರದಲ್ಲೇ ಇದೆ ಎಂದಾಯಿತು. ಹೊಸದು ಬಂದರೆ ಮೊದಲು ಹಿಂದಿನ ಸಾಲಿಗೆ, ಮಂಡಿ ನೋವಿರುವ ಹಿರಿಯರಿಗೆ ಹಾಸಿ. ಬಾಡಿಗೆಯ ಕೆಂಪು ಕಾರ್ಪೆಟ್ಟಿಲ್ಲದಿದ್ದರೂ ಸಭೆ ನಡೆಯುತ್ತದೆ.

*ಮನಸ್ಸಿನ ಅಡಿಹಾಸು*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳು ಹಾಸನ್ನು ಬುಡಸಮೇತ ಎತ್ತಿದ ಕೆಲಸ. ಮೇಲೊಂದು ಹೊಸ ಬಟ್ಟೆ ಹಾಸಿ ಅವರು ಸುಮ್ಮನಾಗಲಿಲ್ಲ. ನಾವು ಗೋಡೆಯ ಮೇಲಿನ ಫೋಟೊ ಬದಲಿಸಿದೆವು, ಮನೆಯ ಬಾಗಿಲಿಗೆ ಪಂಚಶೀಲ ಧ್ವಜ ಕಟ್ಟಿದೆವು. ಒಳ್ಳೆಯದೇ. ಆದರೆ ಮಗಳ ಸಂಬಂಧ ನೋಡುವಾಗ ಎಡಗೈಯೋ ಬಲಗೈಯೋ ಎಂದು ಮೆಲ್ಲಗೆ ಕೇಳುತ್ತೇವೆಯೇ? ಮಗುವಿಗೆ ಜ್ವರ ಬಂದಾಗ ದವಾಖಾನೆಗೂ ಮೊದಲು ತಾಯತದ ಕಡೆ ಕಾಲು ಹೋಗುತ್ತದೆಯೇ? ಹಾಗಿದ್ದರೆ ಮೇಲಿನದು ಹೊಸದು, ಕೆಳಗಿನದು ಹಳೆಯದೇ. ಆ ತೇವ ಮೇಲೇರದೆ ಇರದು.

ಆದರೆ ಎಲ್ಲ ಹಳೆಯದನ್ನೂ ಬಿಸಾಡಬೇಕಿಲ್ಲ. ಅಜ್ಜ ಅಜ್ಜಿಯರ ದುಡಿಮೆ, ಹಸಿದವರಿಗೆ ರೊಟ್ಟಿ ಮುರಿದುಕೊಟ್ಟ ಗುಣ, ಕಷ್ಟದಲ್ಲಿ ಓಣಿಯೆಲ್ಲ ಒಂದಾದ ಕೂಡುಬಾಳು, ಇದು ಹೊಸದರಲ್ಲಿ ಸೇರಿಸಬೇಕಾದ ಆ ಒಂದು ಗೇಣು ತುಂಡು.

*ಇಂದಿನ ಸಂಕಲ್ಪ*

ವಿಹಾರದ ಹಾಸನ್ನು ಈ ವಾರ ನಾಲ್ಕು ಜನ ಕೂಡಿ ಎತ್ತಿ ಕೆಳಗೆ ನೋಡೋಣ. ಒಣಗಿಸಿದರೆ, ಹೊಲಿದರೆ ನಡೆಯುವುದನ್ನು ಉಳಿಸೋಣ. ಕೊಳೆತದ್ದನ್ನು ಸಭೆಯ ಒಪ್ಪಿಗೆಯಿಂದ ಬದಲಿಸಿ, ಖರ್ಚಿನ ಲೆಕ್ಕವನ್ನು ಆನಂದರಂತೆ ಎಲ್ಲರ ಮುಂದೆ ಇಡೋಣ. ರಾತ್ರಿ ಮಲಗುವ ಮುನ್ನ ಒಂದು ಕ್ಷಣ ಮನಸ್ಸಿನ ಅಂಚನ್ನೂ ಎತ್ತಿ ನೋಡೋಣ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.