ಟಿಕೇಟು ಕೊಂಡವನ ಋಣ

ಕಡಲು ದಾಟಬಹುದೇ ಎಂಬುದು ನಮ್ಮ ಹಿರಿಯರ ಪ್ರಶ್ನೆಯಾಗಿತ್ತು. ದಾಟಿದವನಿಗೆ ಜಾತಿ ಹೋಯಿತೆಂದರು, ಪ್ರಾಯಶ್ಚಿತ್ತ ವಿಧಿಸಿದರು, ಪಂಕ್ತಿಯಿಂದ ಹೊರಗಿಟ್ಟರು. ಆ ವಾದ ಪೂರ್ತಿ ಮುಗಿದಿಲ್ಲವೆಂಬುದಕ್ಕೆ 2008ರ ಉಡುಪಿ ಪರ್ಯಾಯವೇ ಸಾಕ್ಷಿ. ವಿದೇಶಯಾತ್ರೆ ಮಾಡಿಬಂದ ಯತಿಗಳು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂದು ಆಗಲೂ ಚರ್ಚೆ ನಡೆಯಿತು. ಆದರೆ ನಮ್ಮ ಮನೆಗಳಲ್ಲಿ ಇಂದು ಕೇಳಿಬರುವ ಪ್ರಶ್ನೆ ಬೇರೆ. ಮಗ ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಫೋನು ಮಾಡಿ, "ಅಪ್ಪ, ಈ ಸಲ ರಜೆಗೆ ಎಲ್ಲರೂ ಹಡಗಿನಲ್ಲಿ ಹೋಗುವ" ಎಂದರೆ ನಾವು ಕೇಳುವುದು, "ತಲೆಗೆ ಎಷ್ಟಾಗುತ್ತದೆ? ಸಸ್ಯಾಹಾರದ ಊಟ ಉಂಟೋ?" ಎಂದು. "ದಾಟಬಹುದೇ" ಎಂಬಲ್ಲಿಂದ "ಎಷ್ಟಾಗುತ್ತದೆ" ಎಂಬಲ್ಲಿಗೆ ಬರುವಾಗ ನಡುವಿನ ಒಂದು ಪ್ರಶ್ನೆ ಬಿಟ್ಟುಹೋಯಿತೆಂದು ನನಗೆ ತೋರುತ್ತದೆ. ದಾಟುವವನು ಹೇಗೆ ನಡೆದುಕೊಳ್ಳಬೇಕು? ಹಣ ಕೊಟ್ಟಾದ ಮೇಲೂ ಅವನ ಮೇಲೆ ಯಾರ ಋಣವಾದರೂ ಉಳಿಯುತ್ತದೆಯೇ?

ನನ್ನ ಪರಿಚಯದ ಒಬ್ಬರು, ಒಳ್ಳೆಯ ವಿದ್ಯಾವಂತರು, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹೋಗಿಬಂದವರು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವರು ಹೇಳಿದರು: "ಹತ್ತಿದ ಕೂಡಲೇ ಏನೋ ಡ್ರಿಲ್ ಅಂತ ಕರೆದರು ಮಾರಾಯ್ರೆ. ನಾನು ಹೋಗಲೇ ಇಲ್ಲ. ಇಷ್ಟು ದುಡ್ಡು ಕೊಟ್ಟದ್ದು ಶಾಲೆಮಕ್ಕಳ ಹಾಗೆ ಸಾಲಿನಲ್ಲಿ ನಿಲ್ಲಲಿಕ್ಕಾ?" ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಮಾತು ನಗುವಿನಲ್ಲಿ ಮುಗಿಯಿತಾದರೂ ಅದರೊಳಗೆ ಒಂದು ತತ್ತ್ವ ಅಡಗಿದೆ. ಊಟ, ಹಾಸಿಗೆ, ಈಜುಕೊಳಗಳ ಹಾಗೆ ರಕ್ಷಣೆಯೂ ಟಿಕೇಟಿನ ಜೊತೆ ಬರುವ ಒಂದು ಸರಕು. ಬೇಕಾದರೆ ತೆಗೆದುಕೊಳ್ಳುತ್ತೇನೆ, ಬೇಡವಾದರೆ ಬಿಡುತ್ತೇನೆ ಎಂಬುದೇ ಆ ತತ್ತ್ವ. ನನಗೆ ಇದನ್ನು ಒಪ್ಪಲು ಆಗುವುದಿಲ್ಲ.

ಊಟ ಬಿಟ್ಟರೆ ಹಸಿಯುವುದು ಬಿಟ್ಟವನ ಹೊಟ್ಟೆ ಮಾತ್ರ. ಡ್ರಿಲ್ ಬಿಟ್ಟರೆ ಹಾಗಲ್ಲ. ಹಡಗಿನಲ್ಲಿ ಪ್ರತಿಯೊಬ್ಬ ಪ್ರಯಾಣಿಕನಿಗೂ ಆಪತ್ತಿನಲ್ಲಿ ಸೇರಬೇಕಾದ ಜಾಗವೊಂದನ್ನು ಗೊತ್ತುಮಾಡಿರುತ್ತಾರೆ. ಏಳು ಸಲ ಗಿಡ್ಡವಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹಿಡಿದು ಅಲ್ಲಿಗೆ ಹೋಗಬೇಕು. ಅಲ್ಲಿ ತಲೆ ಎಣಿಸುತ್ತಾರೆ. ಲೆಕ್ಕ ಸರಿಹೊಂದದಿದ್ದರೆ ಹಡಗಿನ ಹುಡುಗರು ಹೊಗೆಯಲ್ಲೋ ಕತ್ತಲಲ್ಲೋ ಮತ್ತೆ ಒಳಗೆ ಹೋಗಿ ಕೋಣೆ ಕೋಣೆ ಹುಡುಕಬೇಕು. ದಾರಿ ಗೊತ್ತಿಲ್ಲದವನು ಜನರಿಗೆ ಎದುರಾಗಿ ಓಡಿ ಮೆಟ್ಟಿಲನ್ನೇ ಕಟ್ಟಿಹಾಕುತ್ತಾನೆ. ಅರ್ಧ ಗಂಟೆಯ ಬೇಸರವನ್ನು ಒಬ್ಬ ತಪ್ಪಿಸಿಕೊಂಡದ್ದರ ಬೆಲೆಯನ್ನು ಇನ್ನೊಬ್ಬ ತೆರುತ್ತಾನೆ. ಈಗ ಹಲವು ಹಡಗುಗಳಲ್ಲಿ ವಿವರಗಳನ್ನು ಮೊಬೈಲಿನಲ್ಲೋ ಕೋಣೆಯ ಟಿ.ವಿ.ಯಲ್ಲೋ ನೋಡಿ, ತಮ್ಮ ಜಾಗಕ್ಕೆ ಹೋಗಿ ಹಾಜರಿ ಹಾಕಿಸಿದರೆ ಸಾಕು. ಅಷ್ಟಕ್ಕೂ ನಮಗೆ ಸಮಯವಿಲ್ಲವೇ?

ಈ ನಿಯಮಗಳನ್ನು ಯಾರೂ ಕುರ್ಚಿಯಲ್ಲಿ ಕುಳಿತು ಕಲ್ಪಿಸಿದ್ದಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿ ಸುಮಾರು 2,200 ಜನರಿದ್ದರು. ಜೀವರಕ್ಷಕ ದೋಣಿಗಳಲ್ಲಿ ಇದ್ದ ಜಾಗ 1,178 ಮಂದಿಗೆ. ಸತ್ತವರು ಸುಮಾರು 1,500. ಒಂದನೆಯ ದರ್ಜೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಿದರೆ, ಮೂರನೆಯ ದರ್ಜೆಯವರಲ್ಲಿ ಬದುಕಿದವರು ಸುಮಾರು ಕಾಲು ಭಾಗ. 1914ರಲ್ಲಿ ದೇಶಗಳು ಕೂಡಿ ಕಡಲ ಸುರಕ್ಷೆಯ ಒಪ್ಪಂದ ಮಾಡಿಕೊಂಡವು. ಹಡಗಿನಲ್ಲಿರುವ ಪ್ರತಿಯೊಂದು ಜೀವಕ್ಕೂ ದೋಣಿಯಲ್ಲಿ ಜಾಗವಿರಬೇಕೆಂಬುದು ಅದರ ತಿರುಳು. ಕೋಣೆಗೆ ದರ್ಜೆ ಇರಲಿ, ಊಟಕ್ಕೆ ದರ್ಜೆ ಇರಲಿ, ಪ್ರಾಣಕ್ಕೆ ದರ್ಜೆ ಇರಕೂಡದು. ಇಷ್ಟು ನೇರವಾದ ಸಮಾನತೆ ನಮ್ಮ ಊರಿನ ಎಷ್ಟೋ ಪಂಕ್ತಿಗಳಲ್ಲಿ ಇರಲಿಲ್ಲ. ಅದನ್ನು ಬೇಡವೆನ್ನುವವನು ಯಾವುದನ್ನು ಬೇಡವೆನ್ನುತ್ತಿದ್ದೇನೆಂದು ತಿಳಿಯುವುದು ಒಳ್ಳೆಯದು.

ಒಂದು ಶತಮಾನದ ಬಳಿಕ, 2012ರ ಜನವರಿ 13ರ ರಾತ್ರಿ, ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರದ ಹಡಗು ಇಟಲಿಯ ಜಿಲಿಯೋ ದ್ವೀಪದ ಬಳಿ ಬಂಡೆಗೆ ಬಡಿಯಿತು. ದ್ವೀಪಕ್ಕೆ ವಂದನೆ ಸಲ್ಲಿಸುವ ಶೋಕಿಗೆ ಕಪ್ತಾನನು ದಡದ ತೀರ ಹತ್ತಿರಕ್ಕೆ ಹಡಗನ್ನು ತಂದಿದ್ದನು. ಹಡಗಿನಲ್ಲಿದ್ದವರು 4,229 ಮಂದಿ. ಅಂದು ಸಂಜೆಯಷ್ಟೇ ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕೆಂದು ಆಗಿನ ನಿಯಮ. ಹಡಗು ಬಿಡಬೇಕೆಂಬ ಆಜ್ಞೆ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಪ್ರಯಾಣಿಕರು ಒಳಗಿರುವಾಗಲೇ ಕಪ್ತಾನನು ದಡ ಸೇರಿದ್ದನು. 32 ಮಂದಿ ಸತ್ತರು. 2015ರಲ್ಲಿ ನ್ಯಾಯಾಲಯ ಅವನಿಗೆ 16 ವರ್ಷದ ಶಿಕ್ಷೆ ವಿಧಿಸಿತು. ಅದೇ ವರ್ಷದಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕೆಂದು ಅಂತರರಾಷ್ಟ್ರೀಯ ನಿಯಮ ಬದಲಾಯಿತು. ನನ್ನ ಪರಿಚಯದವರನ್ನು ಹತ್ತಿದ ಕೂಡಲೇ ಕರೆದದ್ದು ಇದೇ ಕಾರಣಕ್ಕೆ.

ಸತ್ತವರ ಪೈಕಿ ಕೊನೆಗೆ ದೇಹ ಸಿಕ್ಕಿದ್ದು ಒಬ್ಬ ಭಾರತೀಯ ವೇಟರನದು. ಹಡಗನ್ನು ಜಿನೋವಾ ಬಂದರಿಗೆ ಎಳೆದು ಒಡೆಯುತ್ತಿದ್ದಾಗ, 2014ರ ನವೆಂಬರಿನಲ್ಲಿ, ಅವನ ಅವಶೇಷ ದೊರೆಯಿತು. ಆ ರಾತ್ರಿ ಅವನು ಪ್ರಯಾಣಿಕರಿಗೆ ಸಹಾಯ ಮಾಡುತ್ತಿದ್ದುದನ್ನು ಕಂಡವರಿದ್ದರು. ಊಟ ಬಡಿಸಲು ಸಂಬಳ ಪಡೆದವನು ಅದಕ್ಕಿಂತ ಎಷ್ಟೋ ದೊಡ್ಡದನ್ನು ಕೊಟ್ಟು ಹೋದನು. ಇದಕ್ಕೆ ಟಿಕೇಟಿನಲ್ಲಿ ಕ್ರಯ ಬರೆದಿರಲಿಲ್ಲ.

ಕಾಸರಗೋಡಿನವರಾದ ನಾವು ಇದನ್ನು ದೂರದ ಕತೆಯೆಂದು ಓದುವ ಹಾಗಿಲ್ಲ. ಉದುಮ, ಪಾಲಕುನ್ನು, ಕೋಟಿಕುಳಂ ಕಡೆಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರ ಮನೆಗಳು ಎಷ್ಟಿಲ್ಲ? 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಕೊರೋನಾ ಕಾರಣದಿಂದ ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಮಂದಿ ಇದ್ದರು. ಭಾರತೀಯರು 138, ಅವರಲ್ಲಿ 132 ಜನ ಕೆಲಸಗಾರರು, ಆರೇ ಜನ ಪ್ರಯಾಣಿಕರು. ಪ್ರಯಾಣಿಕರನ್ನು ಅವರವರ ಕೋಣೆಯಲ್ಲಿ ಕೂರಿಸಿ ಕಾಪಾಡಲು ಹೊರಟರು. ಆ ಕೋಣೆಗಳ ಬಾಗಿಲಿಗೆ ಊಟ ಒಯ್ದವರು ಯಾರು? ಒಂದೊಂದು ಕೋಣೆಯಲ್ಲಿ ಜೊತೆಯಾಗಿ ಮಲಗಿ, ಒಂದೇ ಮೆಸ್ಸಿನಲ್ಲಿ ಉಂಡು, ದಿನವೂ ದುಡಿದ ಈ ಕೆಲಸಗಾರರು. ಹಡಗಿನಲ್ಲಿ ಒಟ್ಟು 712 ಮಂದಿಗೆ ಸೋಂಕು ತಗಲಿತು. ಅಲ್ಲಿನ ಕಪ್ತಾನನೂ ಇಟಲಿಯವನೇ. ಅವನು ಎಲ್ಲರನ್ನೂ ಇಳಿಸಿ ಕಟ್ಟಕಡೆಗೆ ಇಳಿದನು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆ ಕಟ್ಟಿದವರು ಮನುಷ್ಯಸ್ವಭಾವ ಬಲ್ಲವರು. ಆದರೆ ಈಗಿನ ವಿಹಾರದಲ್ಲಿ ಹೊಳೆಯ ನಡುವೆಯೇ ಅಂಬಿಗನನ್ನು ಮರೆಯುವ ಏರ್ಪಾಡಿದೆ. ಅವನು ಮಲಗುವುದು ನಮಗೆ ಕಾಣದ ಕೆಳಗಿನ ಅಂತಸ್ತಿನಲ್ಲಿ, ನಡೆಯುವುದು ನಮಗೆ ಕಾಣದ ಓಣಿಯಲ್ಲಿ. ಕಾಣದ್ದನ್ನು ನೆನಪಿಟ್ಟುಕೊಳ್ಳುವುದೇ ಅಲ್ಲವೇ ಧರ್ಮದ ಮೊದಲ ಕೆಲಸ?

ಇಲ್ಲಿ ಒಂದು ಆಕ್ಷೇಪ ಬರಬಹುದು. ಕಂಪೆನಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೇ? ಬೇಡ. ಹಡಗಿನ ನಿಯಮಗಳು ಎಲ್ಲವೂ ಒಂದೇ ಜಾತಿಯವಲ್ಲ. ಹೊರಗಿನಿಂದ ಪಾನೀಯ ತರಕೂಡದೆಂಬ ನಿಯಮ ಹೆಚ್ಚಾಗಿ ಕಂಪೆನಿಯ ಗಲ್ಲಾಪೆಟ್ಟಿಗೆಯನ್ನು ಕಾಯುತ್ತದೆ. ಅದರ ಬಗ್ಗೆ ನಾವು ಜಗಳ ಮಾಡಬಹುದು, ಅಂಥ ಹಡಗು ಬೇಡವೆಂದು ಬಿಡಬಹುದು. ಇಸ್ತ್ರಿ ಪೆಟ್ಟಿಗೆ, ಮೇಣದ ಬತ್ತಿ, ಊದುಬತ್ತಿ, ನೀರು ಕಾಯಿಸುವ ಕಾಯಿಲ್ ತರಕೂಡದೆಂಬ ನಿಯಮ ಕಾಯುವುದು ಪ್ರಾಣವನ್ನು. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವ ಅಭ್ಯಾಸವಿರುವ ನಮ್ಮ ಅಮ್ಮಂದಿರಿಗೆ ಇದು ಕಷ್ಟವೇ. ಆದರೆ 2006ರ ಮಾರ್ಚಿನಲ್ಲಿ ಕೆರಿಬಿಯನ್ ಕಡಲಿನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿಗೆ ಬೆಂಕಿ ಬಿದ್ದದ್ದು, ಆರದ ಒಂದು ಸಿಗರೇಟಿನ ತುಂಡಿನಿಂದಲೇ ಇರಬೇಕೆಂದು ತನಿಖೆ ಮಾಡಿದವರು ತೀರ್ಮಾನಿಸಿದರು. ಕೋಣೆಗಳ ಸಾಲು ಸಾಲೇ ಉರಿದುಹೋಯಿತು, ಒಬ್ಬ ಪ್ರಯಾಣಿಕ ಪ್ರಾಣಬಿಟ್ಟನು. ಮನೆಗೆ ಬೆಂಕಿ ಬಿದ್ದರೆ ಅಂಗಳಕ್ಕೆ ಓಡಬಹುದು. ಹಡಗಿಗೆ ಅಂಗಳವಿಲ್ಲ. ಮೊಗವೀರರ ದೋಣಿಯಲ್ಲಿ ತಂಡೇಲನ ಮಾತಿಗೆ ಯಾರೂ ಎದುರಾಡದಿರುವುದು ಅವನು ದೊಡ್ಡ ಕುಳವೆಂದಲ್ಲ. ಒಂದು ದೋಣಿಯಲ್ಲಿ ಎಲ್ಲರ ಜೀವ ಒಂದಕ್ಕೊಂದು ಕಟ್ಟಿಕೊಂಡಿರುತ್ತದೆ ಎಂಬ ತಿಳಿವಿನಿಂದ.

ಇನ್ನು ಇಳಿಯುವ ಜಾಗದ ಮಾತು. ನ್ಯೂಜಿಲೆಂಡಿನ ವಕಾರಿ ದ್ವೀಪ ಒಂದು ಜೀವಂತ ಜ್ವಾಲಾಮುಖಿ. 2019ರ ನವೆಂಬರಿನಲ್ಲಿ ಅದರ ಎಚ್ಚರಿಕೆಯ ಮಟ್ಟವನ್ನು ವಿಜ್ಞಾನಿಗಳು ಏರಿಸಿದ್ದರು. ಪ್ರವಾಸಗಳು ಮಾತ್ರ ನಿಲ್ಲಲಿಲ್ಲ. ಡಿಸೆಂಬರ್ 9ರಂದು ಅದು ಸಿಡಿದಾಗ ದ್ವೀಪದ ಮೇಲೆ 47 ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ಒಂದು ದೊಡ್ಡ ವಿಹಾರದ ಹಡಗಿನಿಂದ ಬಂದವರು. 22 ಮಂದಿ ಸತ್ತರು; ಇಬ್ಬರು ಅವರನ್ನು ಕರೆದೊಯ್ದ ಸ್ಥಳೀಯ ಮಾರ್ಗದರ್ಶಕರು. ಮಾರುವವರು ಅಪಾಯವನ್ನು ಬಿಡಿಸಿ ಹೇಳಬೇಕಾದದ್ದು ಅವರ ಧರ್ಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳುವುದು ಕೊಳ್ಳುವವನ ಧರ್ಮ. ತರಕಾರಿಯ ಬೆಲೆಯನ್ನು ನಾಲ್ಕು ಅಂಗಡಿಯಲ್ಲಿ ವಿಚಾರಿಸುವ ನಾವು, ಮಕ್ಕಳ ಕೈಹಿಡಿದು ಹೋಗುವ ಜಾಗದ ಕುರಿತು ಒಂದು ಪ್ರಶ್ನೆಯನ್ನಾದರೂ ಕೇಳಬೇಡವೇ?

ನಮ್ಮ ಕಡೆಯವರು ಹೆಚ್ಚಾಗಿ ಹೋಗುವ ಲಕ್ಷದ್ವೀಪವನ್ನೇ ನೋಡೋಣ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ದ್ವೀಪಗಳು 1956ರ ತನಕ ನಮ್ಮ ಕಾಸರಗೋಡಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆ ವರ್ಷದ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತ ಪ್ರದೇಶವಾದವು. ಒಂದೇ ದಿನ ಒಂದೇ ಮನೆಯಿಂದ ಪಾಲಾಗಿ ಹೋದವರು ನಾವು. ಮಂಗಳೂರಿನ ಹಳೆ ಬಂದರದ ದಕ್ಕೆಯಿಂದ ಮಂಜಿಗಳು ಸಾಮಾನು ಹೇರಿಕೊಂಡು ಅಲ್ಲಿಗೆ ಹೋಗುವ ನಂಟು ಮಾತ್ರ ಉಳಿಯಿತು.

ಅಲ್ಲಿನ ನೆಲ ಒಟ್ಟು 32 ಚದರ ಕಿಲೋಮೀಟರು, ಜನ 2011ರ ಗಣತಿಯಂತೆ 64,473. ಮರಳಿನ ಅಡಿಯಲ್ಲಿ ತೆಳುವಾಗಿ ನಿಂತ ಮಳೆನೀರೇ ಬಾವಿಯ ನೀರು. ಅದು ಸಾಲದೆ 2005ರಲ್ಲಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಕಟ್ಟಿದರು. ಹೊರಗಿನವರು ಹೋಗಲು ಪರವಾನಿಗೆ ಬೇಕು. ಈ ಕಟ್ಟಳೆ 1967ರದು. ಜನವಸತಿಯ ದ್ವೀಪಗಳಲ್ಲಿ ಮದ್ಯ ಬಹುಕಾಲದಿಂದ ವರ್ಜ್ಯ. ಹವಳ ಮುರಿದು ತರುವುದು ವನ್ಯಜೀವಿ ಕಾಯಿದೆಯಂತೆ ಅಪರಾಧ. ಹೆಚ್ಚಿನ ದ್ವೀಪಗಳಲ್ಲಿ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ. ಅಲೆ ಏರಿಳಿಯುವಾಗ ಹೊತ್ತುನೋಡಿ ಸಣ್ಣ ದೋಣಿಗೆ ಕಾಲಿಡಬೇಕು. ಆಗ ನಮ್ಮ ಕೈಹಿಡಿಯುವವನು ದ್ವೀಪದ ಹುಡುಗ. ಅವನು "ಈಗ" ಎಂದಾಗ ಇಳಿಯಬೇಕು, "ನಿಲ್ಲಿ" ಎಂದರೆ ನಿಲ್ಲಬೇಕು.

ಇವನ್ನೆಲ್ಲ ತೊಡಕೆಂದು ಗೊಣಗುವವರಿದ್ದಾರೆ. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಮಾತು ಅವರ ನೆನಪಿನಲ್ಲಿದೆ. ದೇವರಾಗಿ ಹೋದವನು ಮನೆಯವರ ಬಾವಿಯ ನೀರನ್ನು ಲೆಕ್ಕವಿಲ್ಲದೆ ಚೆಲ್ಲಬಹುದೇ ಎಂಬುದನ್ನು ಅವರು ಯೋಚಿಸುವುದಿಲ್ಲ. ನಾವಾದರೂ ಯೋಚಿಸಬೇಕು. ಸಂಖ್ಯೆಯಲ್ಲಿ ಕಡಿಮೆಯಿರುವ ಜನ ತಮ್ಮ ನೆಲದಲ್ಲೇ ತಮ್ಮ ರೀತಿಯನ್ನು ಉಳಿಸಿಕೊಳ್ಳಲು ಎಷ್ಟು ಎಚ್ಚರದಿಂದಿರಬೇಕೆಂಬುದು ಗಡಿನಾಡಿನ ಕನ್ನಡಿಗರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ನಮ್ಮ ಊರಿನ ಹೆಸರನ್ನು ಬೇರೆಯವರು ತಮ್ಮ ನಾಲಗೆಗೆ ಒಗ್ಗಿಸಿ ಬರೆದರೆ ನಮಗೆ ನೋಯುತ್ತದೆ. ದ್ವೀಪದವರ ಜೆಸರಿ ಮಾತನ್ನೋ ಮಿನಿಕಾಯಿಯ ಮಹಲ್ ಮಾತನ್ನೋ ಕೇಳಿ ನಾವು ನಕ್ಕರೆ ಅವರಿಗೂ ಹಾಗೆಯೇ.

ಹಾಗಾದರೆ ಹೋಗದಿರುವುದೇ ಮೇಲೇ? ಹಾಗೆಂದು ನಾನು ಹೇಳಲಾರೆ. ಕಾಂಕಾರ್ಡಿಯಾದಿಂದ ನಡುಗುತ್ತ ದಡ ಸೇರಿದ ಸಾವಿರಾರು ಅಪರಿಚಿತರಿಗೆ ಜಿಲಿಯೋದ ಜನ ಆ ಚಳಿಯ ರಾತ್ರಿ ಚರ್ಚಿನ ಬಾಗಿಲನ್ನೂ ಮನೆಗಳ ಬಾಗಿಲನ್ನೂ ತೆರೆದರು, ಹೊದಿಯಲು ಕೊಟ್ಟರು. ಕಡಲು ಮನುಷ್ಯರನ್ನು ಹೀಗೂ ಪರಿಚಯಿಸುತ್ತದೆ. ಹಿರಿಯರ ನಿಷೇಧಕ್ಕೆ ಹಿಂತಿರುಗುವುದು ಬೇಡ. ಅವರು ದಾಟಿದ ಮೇಲೆ ಮಾಡಿಸುತ್ತಿದ್ದ ಪ್ರಾಯಶ್ಚಿತ್ತದ ಬದಲಿಗೆ ನಾವು ದಾಟುವ ಮೊದಲೇ ಸ್ವಲ್ಪ ವಿಚಾರ ಮಾಡಿದರೆ ಸಾಕು. ಹಡಗಿನವರು ಅಪಾಯವನ್ನು ತೆರೆದು ಹೇಳುತ್ತಾರೆಯೇ, ಇಳಿಯುವ ಊರಿನವರಿಗೆ ನಮ್ಮ ಬರವು ಹೊರೆಯೋ ಸಹಾಯವೋ, ಅವರ ಕಟ್ಟಳೆಗಳು ಯಾವುವು ಎಂದು ಕೇಳಿ ತಿಳಿಯಬೇಕು. ಹತ್ತಿದ ದಿನ ಮನೆಮಂದಿಯೆಲ್ಲ, ಅಜ್ಜಿ ಮೊಮ್ಮಕ್ಕಳ ಸಮೇತ, ಡ್ರಿಲ್ಲಿಗೆ ಹೋಗಿ ನಿಲ್ಲಬೇಕು.

ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ನಮ್ಮವರು ಇನ್ನಷ್ಟು ಮಂದಿ ಹಡಗು ಹತ್ತುವರು. ಸುಖವಾಗಿ ಹೋಗಿಬರಲಿ. ಬಂದವರು ಊಟ ಹೇಗಿತ್ತೆಂದು ನಮಗೆ ವರ್ಣಿಸುವಾಗ, ಬಡಿಸಿದವನ ಊರು ಯಾವುದೆಂದೂ ಹೇಳಬಲ್ಲವರಾದರೆ ನನಗೆ ಇನ್ನಷ್ಟು ಸಂತೋಷ.